ಕಡೀ ಬಸ್ ಐದೂವರಿಗೆ, ಯೂತ್ ಫೆಸ್ಟಿವಲ್ ಪ್ರಾಕ್ಟೀಸ್ ಯಾವಾಗ ಮಾಡಸೂದು?

ಗೋಕಾಕ_ಮೇಡಂ
ನಮಸ್ಕಾರ್ರೀ ಎಲ್ಲಾರಿಗೂ. ನಾ ಗೋಕಾಕ ಕಡೆ ಒಂದು ಡಿಗ್ರಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕಿ. ಈ ವರ್ಷ ಸಾಂಸ್ಕೃತಿಕ ವಿಭಾಗ ನನ್ನ ಕೊಳ್ಳಾಗ ಬಿದ್ದೈತಿ, ಯಾಕಂದ್ರ ಪರ್ಮನೆಂಟ್ ಇದ್ದವರು ಯಾರೂ ಒಲ್ಲೆ ಅಂದ್ರು. ಯೂನಿವರ್ಸಿಟಿ ಯೂತ್ ಫೆಸ್ಟಿವಲ್‌ಗೆ ಸಮೂಹ ಗಾಯನ, ಜನಪದ ನೃತ್ಯ ಎರಡೂ ಕಳಸ್ರಿ ಅಂತ ಪ್ರಾಚಾರ್ಯರ ಆಜ್ಞೆ.

ಹಾಡೂ ಹುಡುಗ್ಯಾರಿಗೆ ಬರಗಾಲ ಇಲ್ರೀ. ಬರಗಾಲ ಇರೂದು ಟೈಮಿಗೆ. ಕ್ಲಾಸ್ ಬಿಡೂದು ನಾಲ್ಕೂವರಿಗೆ, ಹಳ್ಳಿ ಕಡೀ ಬಸ್ ಐದೂವರಿಗೆ. ಮುಂಜಾನೆ ಲಗೂನ ಬರ್ರಿ ಅಂದ್ರ ಅವರ ಬಸ್ಸು ಇಲ್ಲಿ ಮುಟ್ಟೂದ ಒಂಬತ್ತೂವರಿಗೆ. ಊಟದ ಬಿಡುವು ಅರ್ಧಾ ತಾಸು, ಡಬ್ಬಿ ಬಿಚ್ಚಿ ಕೈ ತೊಳಕೊಳ್ಳೂದ್ರೊಳಗ ಗಂಟಿ ಹೊಡೀತಾರ. ಕ್ಲಾಸ್ ಬಿಡಿಸಿ ಕರಕೊಂಡ್ರ ಕಾಮರ್ಸ್ ಸರ್ ಸ್ಟಾಫ್ ರೂಮಿನ್ಯಾಗ ಎಲ್ಲಾರ ಮುಂದ “ಇವರು ಕಲ್ಯಾಕ ಬಂದಾರೊ ಕುಣ್ಯಾಕ ಬಂದಾರೊ” ಅಂತಾರ. ಇನ್ನ ಪೇಟಿ (ಹಾರ್ಮೋನಿಯಂ) ಐತಿ, ಆದ್ರ ಸ್ವರ ಒಂದು ಒತ್ತಿದ್ರ ಎರಡು ನುಡೀತಾವ.

ನಿಮ್ಮ ನಿಮ್ಮ ಕಾಲೇಜಿನ್ಯಾಗ ಹೆಂಗ ಮಾಡತೀರಿ? ಸ್ವಲ್ಪ ದಾರಿ ಹೇಳ್ರಿ.

ಬಿಕಾಂ_ಬಸ್ಯಾ
ಮೇಡಂ, ಆ ಕಾಮರ್ಸ್ ಸರ್ ನಮ್ಮ ಕಾಲೇಜಿನ್ಯಾಗೂ ಅದಾರ್ರಿ. ಪ್ರತಿ ಕಾಲೇಜಿಗೂ ಒಬ್ಬರನ್ನ ಹಂಚ್ಯಾರ ಅನಸ್ತೈತಿ.

ಜಿಮಖಾನಾ_ಮಾಜಿ
ಸರಳ ಐತಿ. ಪ್ರಾಕ್ಟೀಸ್ ಬ್ಯಾಡ. ಬೆಳಗಾವಿಯಿಂದ ಒಬ್ಬ ಕೊರಿಯೋಗ್ರಾಫರ್ ಕರಸ್ರಿ, ಕಡೀ ಒಂದು ವಾರ ಲಾಡ್ಜಿನ್ಯಾಗ ಇಡ್ರಿ, ಹಾಸ್ಟೆಲ್ ಹುಡುಗರನ್ನ ಅಷ್ಟ ತಗೊಂಡು ರಾತ್ರಿ ಮಾಡಸ್ರಿ. ನಾವು ಯೂನಿಯನ್ನಿನ್ಯಾಗ ಇದ್ದಾಗ ಹಿಂಗ ಮಾಡಿ ಎರಡನೇ ನಂಬರ್ ತಂದಿದ್ವಿ.

ಇಳಕಲ್_ಸೆರಗು
@ಜಿಮಖಾನಾ_ಮಾಜಿ ಹಾಸ್ಟೆಲ್ ಹುಡುಗರು ಅಷ್ಟ ಅಂದ್ರ ಹಳ್ಳಿ ಹುಡುಗ್ಯಾರು ಎಲ್ಲಿ ಹೋಗಬೇಕ್ರಿ? ಇದ ನೋಡ್ರಿ, ಹಿಂಗಾಗೇ ಪ್ರತಿ ವರ್ಷ ಅದ ಹತ್ತು ಮಂದಿ ಸ್ಟೇಜ್ ಮ್ಯಾಲೆ. ನಾ ಡಿಗ್ರಿ ಮಾಡೂ ಮುಂದ ನನ್ನ ಹೆಸರು ಸಮೂಹ ಗಾಯನದಾಗ ಬರೆದು ಹೊಡದ್ರು. ಕಾರಣ ಏನು, “ಈಕಿ ಬಸ್ಸಿನ ಹುಡುಗಿ, ನೆಚ್ಚಿಕೊಳ್ಳಾಕ ಬರಂಗಿಲ್ಲ.” ಧ್ವನಿ ಕೇಳೇ ಇಲ್ಲ ಅವರು, ಬಸ್ ಪಾಸ್ ಕೇಳಿದ್ರು.

ಜಿಮಖಾನಾ_ಮಾಜಿ
ನಾ ಬ್ಯಾಡ ಅನ್ನಾಕತ್ತಿಲ್ಲ ತಂಗಿ. ಗೆಲ್ಲಬೇಕಂದ್ರ ಹಿಂಗ ಅಂದೆ ಅಷ್ಟ.

ಪೇಟಿ_ಮಾಸ್ತರ
ಗೋಕಾಕ ಮೇಡಂ ಅವರೇ, ಮೊದಲ ಪೇಟಿ ರಿಪೇರಿ ಮಾಡಸ್ರಿ, ಆಮ್ಯಾಲೆ ಟೈಮ್‌ಟೇಬಲ್. ಒಂದು ಒತ್ತಿದ್ರ ಎರಡು ನುಡೀತಾವ ಅಂದ್ರ ಒಳಗ ಮನಿಗಳ (ಬೆರಳಿಲೆ ಒತ್ತೂ ಕೀಗಳ) ತೊಗಲು ಸವದೈತಿ, ಇಲ್ಲಾ ತಂತಿ ಸಡಲಾಗೇತಿ. ಇಲಿ ತಿದಿಗೆ (ಗಾಳಿ ಊದೂ ಭಾಗಕ್ಕ) ಬಾಯಿ ಹಾಕೇತೇನ ಅದೂ ನೋಡ್ರಿ. ಕಾಲೇಜಿನ ಪೇಟಿ ವರ್ಷಕ್ಕ ಒಂದು ಸಲ ಗ್ಯಾದರಿಂಗ್‌ಗೆ ಅಂದ್ರ ವಾರ್ಷಿಕೋತ್ಸವಕ್ಕ ಅಷ್ಟ ಹೊರಗ ಬರತೈತಿ, ಉಳದ ದಿನಾ ಅದು ಇಲಿಗಳದು.

ಎರಡನೇದು, ಪಟ್ಟಿ, ಅಂದ್ರ ಪೇಟಿಯ ಯಾವ ಕಪ್ಪು, ಬಿಳಿ ಮನಿಯಿಂದ ‘ಸಾ’ ಹಿಡೀಬೇಕು ಅನ್ನೂದು. ಹುಡುಗರೂ ಹುಡುಗ್ಯಾರೂ ಕೂಡಿ ಹಾಡ್ತಾರೇನು? ಗಂಡಸರ ಧ್ವನಿ ಸಾಧಾರಣ ಕಪ್ಪು ಒಂದರ ಆಜೂಬಾಜೂ, ಹೆಣ್ಣುಮಕ್ಕಳದು ಕಪ್ಪು ನಾಲ್ಕು, ಕಪ್ಪು ಐದು. ಕೂಡಿಸಿ ಹಾಡಸೂ ಮುಂದ ನಡುವ ಬಿಳಿ ನಾಲ್ಕೊ ಕಪ್ಪು ಮೂರೊ ಹಿಡೀತಾರ. ಆಗ ಹುಡುಗರಿಗೆ ತಾರಕ್ಕ ಹೋಗೂದು ತ್ರಾಸು, ಹುಡುಗ್ಯಾರಿಗೆ ಮಂದ್ರಕ್ಕ ಇಳಿಯೂದು ತ್ರಾಸು. ಭಾಳ ಮಂದಿ ಸಂಚಾಲಕರು ಸಿನಿಮಾ ಧಾಟಿಯ ದೊಡ್ಡ ಏರಿಳಿತದ ಹಾಡು ಆರಿಸಿ ಇಲ್ಲೇ ಸಿಗೇಬೀಳ್ತಾರ. ಬೀಸೂ ಪದ, ಸೋಬಾನಿ ಪದ, ಹಂತಿ ಪದ, ಇಂಥಾ ಜನಪದ ಹಾಡು ತಗೋರಿ. ಐದಾರು ಸ್ವರದಾಗ ಹಾಡು ಮುಗೀತೈತಿ, ಇಬ್ಬರಿಗೂ ನಿಲುಕ್ತೈತಿ. ಅರ್ಧಾ ತಾಸಿನ ಪ್ರಾಕ್ಟೀಸಿನ್ಯಾಗ ಕೂಡೂ ಹಾಡು ಅಂದ್ರ ಇವ.

ತಬಲಾ ಯಾವ ಪಟ್ಟಿದು ಐತಿ ಅದನ್ನೂ ನೋಡಿ ಹೇಳ್ರಿ. ಕಪ್ಪು ಒಂದರ ದೊಡ್ಡ ಬಾಯಿ ತಬಲಾ ಎಷ್ಟ ಸುತ್ತಿಗಿ ಬಡದ್ರೂ ಕಪ್ಪು ನಾಲ್ಕಕ್ಕ ಏರಂಗಿಲ್ಲ, ಪುಡಿ (ತಬಲಾದ ಚರ್ಮ) ಹರೀತೈತಿ ಅಷ್ಟ.

ಗೋಕಾಕ_ಮೇಡಂ
ಮಾಸ್ತರ್ರೀ, ತಬಲಾ ಐತಿ, ಅದರ ಜೋಡಿ ಎಡಗೈಲೆ ಬಾರಸೂ ದಗ್ಗಾ ಇಲ್ಲ. ಯಾರು ಒಯ್ದಾರೊ ರಜಿಸ್ಟರಿನ್ಯಾಗ ಇಲ್ಲ.

ಗುಮ್ಮಟದಾಂವ
😂 ದಗ್ಗಾ ಯಾರದೊ ಮನ್ಯಾಗ ಜ್ವಾಳ ತುಂಬಿಕೊಂಡು ಕುಂತೈತಿ ನೋಡ್ರಿ.

ಡಿಜೆ_ರಾಕ್ಯಾ
ಇಷ್ಟೆಲ್ಲಾ ಯಾಕ್ರಿ ಮೇಡಂ, ಟ್ರ್ಯಾಕ್ ಹಾಕಿ ಬಿಡ್ರಿ. ಮೊಬೈಲ್ ತಗೊಂಡು ಬ್ಲೂಟೂತ್‌ಗೆ ಹಚ್ಚಿದ್ರ ಮುಗೀತು. ಯಾವ ಜಡ್ಜ್ ಕಿವಿ ಹಚ್ಚಿ ಕೇಳತಾನ? ಜನ ಬೇಸ್ ಬಂದ್ರ ಸೀಟಿ ಹೊಡೀತಾರ.

ತುಮಕೂರು_ಕಡೆಯವ
ನಾನು ಬೆಳಗಾವಿಗೆ ವರ್ಗವಾಗಿ ಬಂದವನು, ಮೊದಲಿದ್ದ ಕಾಲೇಜಿನಲ್ಲಿ ಇದೇ ಕೆಲಸ ನೋಡಿಕೊಂಡಿದ್ದೆ. ರಾಕ್ಯಾ ಅವರ ಸಲಹೆ ಗ್ಯಾದರಿಂಗ್‌ಗೆ ನಡೆಯುತ್ತದೆ, ಯುವಜನೋತ್ಸವಕ್ಕೆ ನಡೆಯುವುದಿಲ್ಲ. ಅಲ್ಲಿನ ಚೌಕಟ್ಟು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ್ದು. ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಎಂದು ಐದು ವಿಭಾಗ. ಸಮೂಹ ಗಾಯನಕ್ಕೆ ಹೆಚ್ಚೆಂದರೆ 6 ಗಾಯಕರು, 3 ವಾದ್ಯದವರು, 10 ನಿಮಿಷ. ಸಿನಿಮಾ ಹಾಡು ಹಾಡುವಂತೆಯೇ ಇಲ್ಲ. ಜನಪದ ನೃತ್ಯಕ್ಕೆ 10 ಜನ, ಅದಕ್ಕೂ 10 ನಿಮಿಷ, ಜೊತೆಗೆ ಹಿಮ್ಮೇಳಕ್ಕೆ 5 ಜನ. ವಯಸ್ಸು 25 ಮೀರಿರಬಾರದು. ಐದು ಜನ ಹಿಮ್ಮೇಳದವರಿಗೆ ಜಾಗ ಇಟ್ಟಿದ್ದಾರೆ ಅಂದರೆ ಅವರಿಗೆ ಬೇಕಾಗಿರುವುದು ಬ್ಲೂಟೂತ್ ಅಲ್ಲ ಅಂತ ಅರ್ಥವಾಗಬೇಕಲ್ಲ.

ಇನ್ನೊಂದು, ನೃತ್ಯದ ವಿಷಯ ಮತ್ತು ಹಾಡಿನ ಸಾಹಿತ್ಯ ಬರೆದ ಟಿಪ್ಪಣಿ ಮೊದಲೇ ತಯಾರಿರಲಿ. ಎಷ್ಟೋ ತಂಡಗಳು ವೇದಿಕೆಯ ಪಕ್ಕದಲ್ಲಿ ನಿಂತು ರಟ್ಟಿನ ಮೇಲೆ ಬರೆಯುತ್ತಿರುತ್ತವೆ.

ಡಿಜೆ_ರಾಕ್ಯಾ
ಸಾಹೇಬ್ರ ರೂಲ್ಸ್ ಬುಕ್ಕ ತಗದ್ರು 🙏

ಹಾರೂಗೇರಿ_ಅಪ್ಪ
ನಾ ಪಾಲಕ. ನನ್ನ ಮಗಳು ಬಿ.ಎ. ಎರಡನೇ ವರ್ಷ, ಹಾಡ್ತಾಳ. ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮಗ ಹಾಡಿನ ಮ್ಯಾಲೆ ಸಿಟ್ಟಿಲ್ಲ, ಸುದ್ದಿ ಹತ್ತಂಗಿಲ್ಲ ಅನ್ನೂದರ ಮ್ಯಾಲೆ ಸಿಟ್ಟು. ಮಗಳು ಏಳಕ್ಕ ಮನಿಗೆ ಬಂದು “ಪ್ರಾಕ್ಟೀಸ್ ಇತ್ತು” ಅಂತಾಳ. ಇತ್ತೊ ಇಲ್ಲೊ ನಾ ಯಾರನ್ನ ಕೇಳ್ಲಿ? ಓಣ್ಯಾಗ ಮಂದಿ ಕೇಳತಾರ. ನೀವು ಕಾಲೇಜಿನವರು ಒಂದು ಫೋನ್ ಹಚ್ಚಿ “ಬುಧವಾರ, ಶನಿವಾರ ಇಷ್ಟ ಹೊತ್ತಿನ ತನಕ, ನಾ ಸ್ವತಃ ಬಸ್ ಹತ್ತಸ್ತೀನಿ” ಅಂದ್ರ ಯಾವ ಅಪ್ಪನೂ ಒಲ್ಲೆ ಅನ್ನಂಗಿಲ್ಲ. ಮಗಳ ಕೈಲೆ ಪರ್ಮಿಷನ್ ಕೇಳಸ್ತೀರಿ, ಅಕಿ ಹೆದರಿ ಹೆಸರು ಕೊಡೂದ ಬಿಡ್ತಾಳ.

ಗೋಕಾಕ_ಮೇಡಂ
ಅಣ್ಣಾರ, ಇದು ಭಾಳ ಉಪಯೋಗದ ಮಾತು. ನಾಳೆಯಿಂದ ಫೋನ್ ಹಚ್ಚತೀನಿ. ಕೆಲವರ ಮನಿ ನಂಬರ್ ಅಂದ್ರ ಹುಡುಗೀದ ನಂಬರ್ ಇರತೈತಿ, ಅಡ್ಮಿಷನ್ ಫಾರ್ಮಿನಿಂದ ಹುಡುಕಿ ತಗೀಬೇಕು.

ಇಳಕಲ್_ಸೆರಗು
ಹಾರೂಗೇರಿ ಕಾಕಾ, ನೀವು ಹಂಗಂತೀರಿ. ನಮ್ಮ ಕಾಕಾ ಫೋನ್ ಮಾಡಿದ್ರೂ “ಹಾಡು ಸಾಕು, ಕುಣಿತ ಬ್ಯಾಡ” ಅಂದಿದ್ರು. ಹಾಡು ಅಂದ್ರ ದೇವರದು, ಕುಣಿತ ಅಂದ್ರ ಮಂದೀದು. ಅದ ಕಾಕಾ ಮದುವಿ ವರಾತದಾಗ ಎಲ್ಲಾರಕಿಂತ ಮುಂದ ಕುಣೀತಾರ.

ಹಾರೂಗೇರಿ_ಅಪ್ಪ
ಅದು ಖರೇ ಐತವ್ವಾ. ಏನ್ ಹೇಳ್ಲಿ.

ಬಿಕಾಂ_ಬಸ್ಯಾ
ಶಕ್ತಿ ಯೋಜನೆ ಬಂದಮ್ಯಾಲೆ ಹುಡುಗ್ಯಾರಿಗೆ ಟಿಕೆಟಿನ ಚಿಂತಿ ಹೋತು, ಆದ್ರ ಬಸ್ಸಿನ ಸಂಖ್ಯೆ ಅಷ್ಟ ಐತಲ್ರೀ. ಐದೂವರಿ ಬಸ್ ತಪ್ಪಿತಂದ್ರ ಟಂಟಂ ಆಟೋ, ಅದು ತುಂಬೂ ತನಕ ಬಿಡಂಗಿಲ್ಲ.

ನಮ್ಮ ಹುಡುಗ್ಯಾರು ಏನ್ ಮಾಡತಾರ ಗೊತ್ತೇನ್ರೀ? ಬಸ್ಸಿನ್ಯಾಗ ಪ್ರಾಕ್ಟೀಸ್. ಹಿಂದಿನ ಉದ್ದನ ಸೀಟ ಹಿಡದು ಕುಂತು, ಒಬ್ಬಾಕಿ ಮೊಬೈಲಿನ್ಯಾಗ ತಂಬೂರಿ ಆ್ಯಪ್ ಹಚ್ಚಿ ಕಿವಿ ಹತ್ರ ಹಿಡೀತಾಳ, ಉಳದವರು ಹಾಡ್ತಾರ. ಡಬ್ಬಿ ಮುಚ್ಚಳದ ಮ್ಯಾಲೆ ತಾಳ. ಮೊದಲ ದಿನಾ ಕಂಡಕ್ಟರ್ “ಏ ಇದೇನು ಭಜನಿ ಮೇಳ ಏನ” ಅಂತ ಬೈದ. ಮುಂದ ಮುಂದ ಅವನೂ ಟಿಕೆಟ್ ಹರದುಕೋತ ಪಲ್ಲವಿ ಹಿಡ್ಯಾಕತ್ತ. ಒಬ್ಬ ಅಜ್ಜಿ ಹತ್ತಿದ್ಲು, ಸಂತಿ ಚೀಲ ಕಾಲಾಗಿಟ್ಟು ಕೇಳಿಕೋತ ಕುಂತು, “ಏ ಯವ್ವಾ, ಆ ನುಡಿ ಹಂಗಲ್ಲ, ನೀವು ನಡುವಿನ ಸಾಲ ನುಂಗಿರಿ” ಅಂತ ಹೇಳಿ ತಾನ ಹಾಡಿ ತೋರಿಸಿದ್ಲು. ಯೂಟ್ಯೂಬಿನ್ಯಾಗ ಇದ್ದದ್ದು ಅರ್ಧಾ ಪದ, ಅಜ್ಜಿ ಕಡೆ ಪೂರಾ ಇತ್ತು. ಇಳಿಯೂ ಮೊದಲ ರೆಕಾರ್ಡ್ ಮಾಡಿಕೊಂಡಾರ. ಸ್ಪರ್ಧಾಕ್ಕ ಅದ ಪಾಠಾ ಹಾಡಿದ್ರು.

ಪೇಟಿ_ಮಾಸ್ತರ
ಆ ಅಜ್ಜಿ ಊರು ಯಾವುದಪಾ? ಖರೇ ಕೇಳಾಕತ್ತೀನಿ.

ಬಿಕಾಂ_ಬಸ್ಯಾ
ಗೊತ್ತಿಲ್ರೀ ಮಾಸ್ತರ, ಫಾಟಾದಾಗ ಇಳದ್ಲು.

ಗಂಧರ್ವ_ವಿದ್ಯಾರ್ಥಿನಿ
ಎಲ್ಲಾರೂ ಜನಪದ ಜನಪದ ಅಂತೀರಿ. ನಾ ಸಣ್ಣಾಕಿ ಇದ್ದಾಗಿಂದ ಹಿಂದುಸ್ತಾನಿ ಕಲೀತೀನಿ, ಗಾಂಧರ್ವ ಮಹಾವಿದ್ಯಾಲಯದ ಮಧ್ಯಮಾ ಪೂರ್ಣ ಪರೀಕ್ಷಾ ಆಗೇತಿ, ಈಗ ಅದರ ಮ್ಯಾಲಿನ ವಿಶಾರದಕ್ಕ ಕುಂತೀನಿ. ಕಾಲೇಜಿನ್ಯಾಗ ನನಗ “ನೀ ಚೊಲೊ ಹಾಡ್ತಿ, ಸಮೂಹ ಗಾಯನ ಲೀಡ್ ಮಾಡು” ಅಂತಾರ. ಅಲ್ಲಿ ನಾ ತಾನ (ಸ್ವರಗಳ ಲಗೂ ಓಟ) ತಗೊಂಡ್ರ “ಗೊಳ್ ಗೊಳ್ ಮಾಡಬ್ಯಾಡ, ಸರಳ ಹಾಡು” ಅಂತಾರ. ಶಾಸ್ತ್ರೀಯ ಗಾಯನಕ್ಕ ಕಳಸ್ರಿ ಅಂದ್ರ ತಬಲಾ ಸಾಥಿಗೆ ರೊಕ್ಕ ಇಲ್ಲ. ಇಷ್ಟು ವರ್ಷ ಕಲಿತದ್ದು ಬೀಸೂ ಪದದಾಗ ಐದು ಸ್ವರ ಹಾಡಾಕೇನು?

ಮುಧೋಳ_ಮಂದಿ
ಐದು ಸ್ವರ ಅಂತ ಹಗುರ ಮಾಡಬ್ಯಾಡ ತಂಗಿ.

ಪೇಟಿ_ಮಾಸ್ತರ
ಮಗಾ, ಸುಳೇಭಾವಿ ಎಲ್ಲೈತಿ ಗೊತ್ತಲ್ಲ? ಬೆಳಗಾವಿಯಿಂದ ಕೈಯಳತಿ. 1924ರಾಗ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಅಂತ ಹುಟ್ಟಿದ ಹುಡುಗ ಅಲ್ಲಿಂದ ಹೋಗಿ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವ ಆದ. ಕ್ಷಯ ಬಂದು ಹಾಸಿಗಿ ಹಿಡದು ಮಧ್ಯಪ್ರದೇಶದ ದೇವಾಸದಾಗ ಬಿದ್ದಾಗ ಅವರ ಕಿವಿಗೆ ಬಿದ್ದದ್ದು ಮಾಳವಾದ ಹಳ್ಳಿ ಹೆಣ್ಣುಮಕ್ಕಳ ಹಾಡು. ಆ ಧುನ್‌ಗಳಿಂದ ಹೊಸ ರಾಗ ಕಟ್ಟಿದ್ರು. ಅವರಿಗೆ ಹಳ್ಳಿ ಹಾಡು ಸಣ್ಣದು ಅನಸ್ಲಿಲ್ಲ, ವಿಶಾರದಕ್ಕ ಕುಂತ ನಿನಗ ಯಾಕ ಅನಸ್ತೈತಿ?

ಆದ್ರ ತಬಲಾ ಸಾಥಿ ವಿಷಯದಾಗ ನಿಂದ ಖರೇ. ಕಾಲೇಜಿನವರು ಸ್ಟೇಜ್ ಫ್ಲೆಕ್ಸಿಗೆ ಕೊಡೂ ರೊಕ್ಕದಾಗ ತಬಲಾದಾಂವನ ಎರಡು ದಿನದ ಸಂಭಾವನಾ ಆರಾಮ ಬರತೈತಿ. ಇದರ ಬಗ್ಗೆ ಜಗಳಾ ತಗದ್ರ ನಾ ನಿನ್ನ ಬಾಜೂ ನಿಂದರ್ತೀನಿ.

ಗಂಧರ್ವ_ವಿದ್ಯಾರ್ಥಿನಿ
ಸರಿ ಮಾಸ್ತರ. ಆದ್ರೂ ಕುಮಾರ ಗಂಧರ್ವರು ಸಮೂಹ ಗಾಯನ ಲೀಡ್ ಮಾಡ್ಲಿಲ್ಲ 😏

ಗುಮ್ಮಟದಾಂವ
ಬೆಳಗಾವಿಯವರು ಶುರು ಮಾಡಿದ್ರು ಅಂದಮ್ಯಾಲೆ ನಾವು ವಿಜಯಪುರದವರು ಸುಮ್ಮ ಕುಂದ್ರಾಕ ಬರಂಗಿಲ್ಲ. ನಮ್ಮ ಎರಡನೇ ಇಬ್ರಾಹಿಂ ಆದಿಲ್‌ಶಾ, 1580ರಿಂದ 1627ರ ತನಕ ಆಳಿದಾಂವ, ಸ್ವತಃ ಹಾಡು ಬರದು ಮ್ಯಾಲೆ ರಾಗದ ಹೆಸರು ಹಚ್ಚಿಟ್ಟಾನ. ಸರಸ್ವತಿ, ಗಣಪತಿ ಎಲ್ಲಾ ಬರತಾರ ಅದರಾಗ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ರಾಜಾ ತಂಬೂರಿಗೆ ಹೆಸರಿಟ್ಟು ಸಾಕಿದ ಜಿಲ್ಲಾದಾಗ ಈಗ ಕಾಲೇಜಿನವರು ದಗ್ಗಾ ಕಳಕೊಂಡು ಕುಂತಾರ.

ಗೋಕಾಕ_ಮೇಡಂ
ದಗ್ಗಾ ಕಳದಿದ್ದು ಬೆಳಗಾವಿ ಜಿಲ್ಲಾದಾಗ್ರೀ, ನಿಮ್ಮಲ್ಲಿ ಅಲ್ಲ.

ಗುಮ್ಮಟದಾಂವ
ನಮ್ಮಲ್ಲಿ ತಬಲಾನೂ ಕಳದೈತಿ ಮೇಡಂ, ಹೇಳ್ಕೊಳ್ಳಾಕ ನಾಚಿಕಿ.

ಮುಧೋಳ_ಮಂದಿ
ನೃತ್ಯದ ಬಗ್ಗೆ ಯಾರೂ ಮಾತಾಡವಲ್ರಿ. ನಮ್ಮ ಮನ್ಯಾಗ ಕರಡಿ ಮಜಲು (ಕರಡಿ ಅನ್ನೂ ಚರ್ಮವಾದ್ಯದ ಮೇಳ) ಮಾಡ್ತಾರ, ಅದಕ್ಕ ಹೇಳ್ತೀನಿ. ಯೂತ್ ಫೆಸ್ಟಿವಲ್ ಅಂದ್ರ ಎಲ್ಲಾ ಕಾಲೇಜೂ ಡೊಳ್ಳು ತರತಾವ. ಡೊಳ್ಳು ಚೊಲೊ, ಇಲ್ಲ ಅನ್ನಂಗಿಲ್ಲ, ಆದ್ರ ತಂಡದ ಮ್ಯಾಲೆ ತಂಡ ಡೊಳ್ಳು ಬಂದ್ರ ಜಡ್ಜಿಗೆ ಕಿವಿ ತೂತ ಬೀಳತಾವ. ಅದ್ರಾಗ ಮಳಿಗಾಲದಾಗ ಸ್ಪರ್ಧಾ ಇದ್ರ ಚರ್ಮ ಥಂಡಿ ಹಿಡದು ಸಡಲಾಗಿ “ದಬ್ ದಬ್” ಅಂತೈತಿ. ಗ್ರೀನ್ ರೂಮಿನ ಹೊರಗ ಬೆಂಕಿ ಹಾಕಿ ಕಾಸೂ ಹುಡುಗರನ್ನ ವಾಚ್‌ಮನ್ ಓಡಸ್ತಾನ.

ಕರಡಿ ಬ್ಯಾರೆ ನಮೂನಿ. ಒಂದು ಮುಖಕ್ಕ ಬಡೀತಾರ, ಇನ್ನೊಂದು ಮುಖಕ್ಕ ಕೋಲು ತಿಕ್ಕತಾರ. ತಿಕ್ಕಿದಾಗ ಬರೂ ಗುರುಗುಟ್ಟೂ ಸಪ್ಪಳ ಐತಲ್ಲ, ಅದನ್ನ ಯಾವ ಡಿಜೆಯಾಂವನೂ ತಗ್ಯಾಕ ಆಗಂಗಿಲ್ಲ. ಮ್ಯಾಲೆ ಸನಾದಿ (ಶಹನಾಯಿಯಂಥ ಊದೂ ವಾದ್ಯ). ಸನಾದಿ ಊದಾಕ ಹುಡುಗರು ಸಿಗಂಗಿಲ್ಲ ಅನ್ನೂದೊಂದ ಅಡಚಣಿ. ಬೀಳಗಿ ಸನಾದಿ ಅಪ್ಪಣ್ಣನ ನಾಡಾಗ ಸನಾದಿಯವರನ್ನ ಹುಡುಕ್ಯಾಡೂ ಹಂಗ ಆಗೇತಿ. ಆದ್ರ ಹಿಮ್ಮೇಳಕ್ಕ ಐದು ಮಂದಿ ಬಿಡ್ತಾರ ಅಂತ ಮ್ಯಾಲೆ ಸಾಹೇಬ್ರು ಹೇಳ್ಯಾರಲ್ಲ, ಹಿರೇರನ್ನ ಅಲ್ಲಿ ಕುಂದರಸ್ರಿ, ಹುಡುಗರು ಹೆಜ್ಜಿ ಹಾಕಲಿ.

ಜಿಮಖಾನಾ_ಮಾಜಿ
ಕರಡಿ ಮಜಲು ವಾದ್ಯ ಅಲ್ಲೇನೊ ಮಾರಾಯ, ನೃತ್ಯಕ್ಕ ಹೆಂಗ ತರತಿ? ಅದನ್ನ ಜನಪದ ವಾದ್ಯಮೇಳಕ್ಕ ಕೊಡಬೇಕು. ನೃತ್ಯದಾಗ ಹಾಕಿದ್ರ “ವಿಭಾಗ ತಪ್ಪೈತಿ” ಅಂತ ನಂಬರ್ ಕಡೀತಾರ.

ಮುಧೋಳ_ಮಂದಿ
ಹೆಜ್ಜಿ ಮೇಳಾ (ಹೆಜ್ಜಿ ಹಾಕಿ ಕುಣಿಯೂ ಜನಪದ ತಂಡ) ಕುಣೀಲಿ, ಹಿಮ್ಮೇಳ ಕರಡಿ ಇರಲಿ ಅಂದೆ. ಓದ್ರಿ ಮೊದಲ.

ಮೂಡಲಗಿ_ಪಾರಿಜಾತ
ಮೇಡಂ, ನೀವು ಗೋಕಾಕ ಕಡೆಯವರು, ಕುಲಗೋಡ ಬಾಜೂಕ ಐತಿ. ಶ್ರೀಕೃಷ್ಣ ಪಾರಿಜಾತ ಅನ್ನೂ ಹಾಡಿನ ಜನಪದ ನಾಟಕ ಬೆಳದ ನೆಲ. ಕೌಜಲಗಿ ನಿಂಗಮ್ಮ ಹೆಣ್ಣಮಗಳಾಗಿ ಮೇಳಾ ಕಟ್ಟಿ ಊರೂರು ಆಡಿದ ಸೀಮಿ. ಅಲ್ಲಿಂದ ಒಂದು ಹಾಡು ತಗೊಂಡು ಸಮೂಹ ಗಾಯನ ಮಾಡಸ್ರಿ. ರಾಗದ ಹಂಗನೂ ಐತಿ, ಜನಪದದ ಖದರೂ ಐತಿ. ವಿಶಾರದ ತಂಗಿಗೂ ಕೆಲಸ ಸಿಗತೈತಿ.

ಗಂಧರ್ವ_ವಿದ್ಯಾರ್ಥಿನಿ
ಇದಕ್ಕ ನಾ ತಯಾರ.

ಗಡಿಭಾಗದಾಂವ
ನಮ್ಮ ಕಾಲೇಜಿನ್ಯಾಗ ಸುಗಮ ಸಂಗೀತಕ್ಕ ಒಬ್ಬಾಕಿ ಅಭಂಗ ಹಾಡಿದ್ಲು ಅಂತ ಯೂನಿಯನ್ ಹುಡುಗರು ತಕರಾರು ತಗದ್ರು. ಮರಾಠಿ ಯಾಕ ಅಂತ.

ತುಮಕೂರು_ಕಡೆಯವ
ನಿಯಮದಲ್ಲಿ ಭಾಷೆಯ ನಿರ್ಬಂಧ ಇಲ್ಲ. ಭಜನೆ, ಗಜಲ್, ಅಭಂಗ ಎಲ್ಲವೂ ಸಲ್ಲುತ್ತವೆ. ಸಿನಿಮಾದ್ದು ಮಾತ್ರ ಬೇಡ.

ಗುಮ್ಮಟದಾಂವ
ಗಡಿ ಜಗಳಾ ಇಲ್ಲಿ ಬ್ಯಾಡ್ರೆಪಾ, ಅದಕ್ಕ ಬ್ಯಾರೆ ಕಟ್ಟಿ ಐತಿ. ದಗ್ಗಾ ಹುಡುಕ್ರಿ.

ಐಕ್ಯೂಎಸಿ_ಗುಮಾಸ್ತ
ಮೇಡಂ, ನಾ ಬಾಗಲಕೋಟಿ ಕಡೆ ಒಂದು ಕಾಲೇಜಿನ್ಯಾಗ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳಿಯೂ ಸಂಸ್ಥಾ) ಫೈಲ್ ನೋಡ್ಕೋತೀನಿ. ಪ್ರಾಚಾರ್ಯರ ಕಡೆ ಟೈಮ್ ಕೇಳೂ ಮುಂದ “ಹುಡುಗರ ಪ್ರತಿಭಾ” ಅನ್ನಬ್ಯಾಡ್ರಿ, ಯಾರೂ ಕೇಳಂಗಿಲ್ಲ. “ನ್ಯಾಕ್ ಐದನೇ ಮಾನದಂಡ” ಅನ್ರಿ. ವಿದ್ಯಾರ್ಥಿಗಳ ಸಾಂಸ್ಕೃತಿಕ ಭಾಗವಹಿಸುವಿಕಿ, ಯೂನಿವರ್ಸಿಟಿ ಮತ್ತು ಮೇಲಿನ ಮಟ್ಟದ ಪ್ರಶಸ್ತಿ, ಎಲ್ಲಾ ಅಲ್ಲೇ ಲೆಕ್ಕಕ್ಕ ಬರತಾವ. ಫೈಲ್ ಸಮೇತ ಹೋಗಿ ವಾರದಾಗ ಎರಡು ದಿನಾ ಕಡೀ ಪೀರಿಯಡ್ ಕೇಳ್ರಿ. ಬಾಯಿ ಮಾತಿಲೆ ಬ್ಯಾಡ, ಟೈಮ್‌ಟೇಬಲ್ಲಿನ್ಯಾಗ ಅಚ್ಚಾಗಬೇಕು. ಅಚ್ಚಾದ್ರ ಅಟೆಂಡನ್ಸೂ ಸಿಗತೈತಿ, 75 ಪರ್ಸೆಂಟ್ ಚಿಂತಿನೂ ಇಲ್ಲ, ಕಾಮರ್ಸ್ ಸರ್ ಬಾಯೂ ಬಂದ್.

ಬಿಕಾಂ_ಬಸ್ಯಾ
ಕಾಮರ್ಸ್ ಸರ್ ಬಾಯಿ ಯಾವ ಮಾನದಂಡಕ್ಕೂ ಬಂದ್ ಆಗಂಗಿಲ್ರೀ.

ಅಕೌಂಟ್ಸ್_ಸರ್
ಇಷ್ಟೊತ್ತು ಓದಿಕೋತ ಕುಂತಿದ್ದೆ. ನಾನೂ ಕಾಮರ್ಸ್ ಸರ್, ಬ್ಯಾರೆ ಕಾಲೇಜು. ನಮ್ಮ ಮಗ್ಗಲನೂ ಸ್ವಲ್ಪ ಕೇಳ್ರಿ. ಸೆಮಿಸ್ಟರ್ ಅಂದ್ರ ಹೆಸರಿಗೆ ಆರು ತಿಂಗಳು, ಅಡ್ಮಿಷನ್ನು, ಇಂಟರ್ನಲ್ಲು, ಹಬ್ಬ ಕಳದ್ರ ಪಾಠಕ್ಕ ಸಿಗೂ ದಿನಾ ಬೆರಳಿನ ಮ್ಯಾಲೆ. ಪ್ರತಿ ವರ್ಷ ಪ್ರಾಕ್ಟೀಸ್ ಅಂತ ಹೋಗೂದು ಕಡೀ ಪೀರಿಯಡ್, ಕಡೀ ಪೀರಿಯಡ್ ಯಾವಾಗಲೂ ನಂದ. ಇಂಗ್ಲಿಷ್‌ದು ಮುಂಜಾನೆ ಇರತೈತಿ, ಅವರು ಕಲಾಪ್ರೇಮಿ ಆಗತಾರ. ನಾ ವೈರಿ ಆಗತೀನಿ. ಪೀರಿಯಡ್ ಸರದಿ ಪ್ರಕಾರ ಎಲ್ಲಾರದೂ ತಗೋರಿ, ನನ್ನದೇನೂ ತಕರಾರಿಲ್ಲ.

ಗೋಕಾಕ_ಮೇಡಂ
ಸರ್, ಇದು ನನಗ ಹೊಳದಿರಲಿಲ್ಲ. ಸರದಿ ಮಾಡೂದು ನ್ಯಾಯ ಐತಿ.

ಬಿಕಾಂ_ಬಸ್ಯಾ
ಸರ್ ನಮಸ್ಕಾರ್ರಿ. ನಾ ಅಂದದ್ದು ನಿಮಗಲ್ಲ 🙏🙏

ಇಳಕಲ್_ಸೆರಗು
ಡ್ರೆಸ್ ಬಗ್ಗೆ ಒಂದು ಮಾತು. ಬಾಡಿಗಿ ಅಂಗಡಿಯ ಮಿಂಚೂ ಬಟ್ಟಿ ತರಬ್ಯಾಡ್ರಿ, ಬಾಡಿಗಿ ರೊಕ್ಕದಾಗ ಪೇಟಿ ರಿಪೇರಿ ಆಗತೈತಿ. ಹುಡುಗ್ಯಾರ ಮನ್ಯಾಗ ಅವ್ವನ, ದೊಡ್ಡವ್ವನ ಇಳಕಲ್ ಸೀರಿ ಟ್ರಂಕಿನ್ಯಾಗ ಇದ್ದ ಇರತಾವ, ಗುಳೇದಗುಡ್ಡ ಖಣದ ಕುಬಸಾನೂ. ಒಂದ ಬಣ್ಣದ್ದು ಸಿಗಲಿಕ್ಕಿಲ್ಲ, ಬ್ಯಾಡ ಬಿಡ್ರಿ, ಹೊಲಕ್ಕ ಹೋಗೂ ಹೆಣ್ಣುಮಕ್ಕಳು ಎಲ್ಲಿ ಯೂನಿಫಾರ್ಮ್ ಹಾಕ್ಕೋತಾರ? ಕಚ್ಚಿ ಹಾಕಿ ಉಡೂದು ಮಾತ್ರ ಮೊದಲ ರೂಢಿ ಮಾಡಸ್ರಿ. ಸ್ಟೇಜ್ ಮ್ಯಾಲೆ ಸೆರಗು ಹಿಡಕೊಂಡು ಕುಣಿದ್ರ ನೋಡಾಕ ಆಗಂಗಿಲ್ಲ.

ಜಿಮಖಾನಾ_ಮಾಜಿ
ಜಡ್ಜ್‌ಗಳಿಗೆ ಒಂದ ಬಣ್ಣ ಬೇಕಾಗತೈತಿ ತಂಗಿ, ನಾ ಕಂಡೀನಿ.

ಇಳಕಲ್_ಸೆರಗು
ನಿಮ್ಮ ಎರಡನೇ ನಂಬರಿನ ಜಡ್ಜ್‌ಗಳಿಗೆ ಇರಬೇಕು.

ಗೋಕಾಕ_ಮೇಡಂ
ಸುದ್ದಿ ಹೇಳ್ಯಾಕ ಬಂದೆ. ಬುಧವಾರ ಕಡೀ ಪೀರಿಯಡ್, ಸರದಿ ಮ್ಯಾಲೆ, ಟೈಮ್‌ಟೇಬಲ್ಲಿನ್ಯಾಗ ಅಚ್ಚಾತು. ಶನಿವಾರ ಒಂದಕ್ಕ ಕ್ಲಾಸ್ ಬಿಡತಾವ, ಅವತ್ತ ನಾಲ್ಕರ ತನಕ, ಬಸ್ ಹತ್ತಸೂದು ನನ್ನ ಜವಾಬ್ದಾರಿ. ಪಾಲಕರಿಗೆ ಫೋನ್ ಹಚ್ಚಿದೆ. ಇಬ್ಬರು ಒಲ್ಲೆ ಅಂದ್ರು, ಒಬ್ಬರು ಅಕಿ ಜೋಡಿ ತಂಗೀನೂ ಕಳಸ್ತೀನಿ ಅಂದ್ರು. ಪೇಟಿ ಬೆಳಗಾವಿಗೆ ರಿಪೇರಿಗೆ ಹೋಗೇತಿ. ಸಮೂಹ ಗಾಯನಕ್ಕ ಪಾರಿಜಾತದ ಹಾಡು, ನೃತ್ಯಕ್ಕ ಹೆಜ್ಜಿ ಮೇಳಾ. ಕರಡಿಯವರ ಕಡೆ ಮಾತಾಡಬೇಕು, ಮುಧೋಳದವರು ಸಂಭಾವನಾ ಎಷ್ಟಂತ ತಿಳಿಸಿದ್ರ ಪ್ರಾಚಾರ್ಯರ ಮುಂದ ಇಡ್ತೀನಿ.

ಮುಧೋಳ_ಮಂದಿ
ಬಸ್ ಚಾರ್ಜು, ಊಟ, ಮ್ಯಾಲೆ ನಿಮಗ ತಿಳದಷ್ಟು. ಹಿರೇರಿಗೆ ಕುಂದ್ರಾಕ ಕುರ್ಚಿ ಕೊಡ್ರಿ, ಹೋದ ಸಲ ಒಂದು ಕಡೆ ಗ್ರೀನ್ ರೂಮಿನ ಬಾಗಲಾಗ ನಿಂದ್ರಿಸಿದ್ರು.

ಪೇಟಿ_ಮಾಸ್ತರ
ಪೇಟಿ ತಿರುಗಿ ಬಂದಮ್ಯಾಲೆ ನಾ ಒಂದು ಶನಿವಾರ ಬರತೀನಿ. ರೊಕ್ಕ ಬ್ಯಾಡ. ವಿಶಾರದ ಮಗಳು ತಾನ ಎಲ್ಲಿ ತಗೀಬೇಕು ಎಲ್ಲಿ ಬಿಡಬೇಕು ಅನ್ನೂದನ್ನ ಕುಂತು ನೋಡೂಣು.

ಡಿಜೆ_ರಾಕ್ಯಾ
ಎಲ್ಲಾ ಆತು. ಗ್ಯಾದರಿಂಗ್ ದಿನಾ ನಮಗ ಎಷ್ಟು ಹಾಡು ಬಿಡ್ತೀರಿ ಮೇಡಂ?

ತುಮಕೂರು_ಕಡೆಯವ
2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಓದಿಕೊಂಡು ಕೇಳಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ. ಕಾಲೇಜಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಬೇರೆ.

ಡಿಜೆ_ರಾಕ್ಯಾ
ಸಾಹೇಬ್ರ, ನಿಮ್ಮ ಮನ್ಯಾಗ ಮದುವಿಗೂ ರೂಲ್ಸ್ ಬುಕ್ಕ ಓದಿಸಿದ್ರೇನು?

ಗೋಕಾಕ_ಮೇಡಂ
ರಾಕೇಶಾ, ಒಂದು ಹಾಡು. ಬೇಸ್ ಅರ್ಧಾ. ಮತ್ತ ಶನಿವಾರ ನೀ ಸ್ಪೀಕರ್ ತಗೊಂಡು ಪ್ರಾಕ್ಟೀಸಿಗೆ ಬರಬೇಕು.

ಡಿಜೆ_ರಾಕ್ಯಾ
ಎರಡು ಹಾಡು ಕೊಡ್ರಿ, ಜೋಡಿ ನನ್ನ ಗಾಡ್ಯಾಗ ಡೊಳ್ಳು, ಪೇಟಿ ಎಲ್ಲಾ ಹಾಕ್ಕೊಂಡು ಸ್ಪರ್ಧಾಕ್ಕ ಬರತೀನಿ. ಡೀಸೆಲ್ ಕಾಲೇಜಿಂದು.